“ಊರಿಗೆ ಹೋದಾಗ ನೋಡ್ಕೊಳ್ಳೋಣ” ಎನ್ನುವ ದಮ್ಮು: ಸಿಒಪಿಡಿಗೆ ಹತ್ತಿರದ ಕ್ಲಿನಿಕ್ಕಿನಲ್ಲೇ ಇದೆ ದಾರಿ

ಗಲ್ಫ್‌ನಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ಎಷ್ಟೋ ಮಂದಿಗೆ ನಲವತ್ತು ದಾಟುತ್ತಿದ್ದಂತೆ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ಬೆಳಗ್ಗೆ ಎದ್ದ ಕೂಡಲೇ ಕೆಮ್ಮು, ಕಫ. ಕ್ಯಾಂಪಿನ ಮೂರನೇ ಮಹಡಿ ಹತ್ತುವಾಗ ಮಧ್ಯದಲ್ಲಿ ಒಮ್ಮೆ ನಿಲ್ಲಬೇಕು. ಜೊತೆಗೆ ಹೊರಟ ರೂಮ್‌ಮೇಟ್ ಹತ್ತು ಹೆಜ್ಜೆ ಮುಂದೆ ಹೋಗಿರುತ್ತಾನೆ. “ಧೂಳಿಂದ ಅಷ್ಟೇ”, “ಎಸಿ ಗಾಳಿ ಹೊಡೆದು ಹೀಗಾಗಿದೆ”, “ಸಿಗರೇಟ್ ಕೆಮ್ಮು, ಎಲ್ಲರಿಗೂ ಇರೋದೇ” ಎಂದು ಸಮಾಧಾನ ಮಾಡಿಕೊಂಡು, ಫಾರ್ಮಸಿಯಿಂದ ಒಂದು ಬಾಟಲಿ ಸಿರಪ್ ತಂದು ಕುಡಿಯುವುದು ಮಾಮೂಲು. ಅದರಲ್ಲೂ ಕಡಿಮೆಯಾಗದಿದ್ದರೆ “ರಜೆಯಲ್ಲಿ ಊರಿಗೆ ಹೋದಾಗ ನೋಡ್ಕೊಳ್ಳೋಣ” ಎಂಬ ತೀರ್ಮಾನ. ರಜೆ ಬರುವುದು ಎರಡು ವರ್ಷಕ್ಕೊಮ್ಮೆ. ಬಂದರೂ ಮನೆ ರಿಪೇರಿ, ತಂಗಿಯ ಮದುವೆ, ಬ್ಯಾಂಕಿನ ಓಡಾಟದಲ್ಲಿ ಆ ಒಂದು ತಿಂಗಳು ಮುಗಿದೇ ಹೋಗುತ್ತದೆ.

ಇಂಥ ಕೆಮ್ಮು ಮತ್ತು ದಮ್ಮಿನ ಹಿಂದೆ ಇರಬಹುದಾದ ಕಾಯಿಲೆಯ ಹೆಸರು ಸಿಒಪಿಡಿ, ಅಂದರೆ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ದೀರ್ಘಕಾಲದ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ಸತ್ತಿದ್ದಾರೆ. ಸಾವಿನ ಕಾರಣಗಳ ಪಟ್ಟಿಯಲ್ಲಿ ಇದಕ್ಕೆ ನಾಲ್ಕನೇ ಸ್ಥಾನ. ಹಾಗಿದ್ದರೂ ಇದನ್ನು ಹಿಡಿತದಲ್ಲಿಡಲು ಬಹುತೇಕ ರೋಗಿಗಳಿಗೆ ದೊಡ್ಡ ಆಸ್ಪತ್ರೆ ಬೇಕಾಗುವುದಿಲ್ಲ. ಇನ್ಶೂರೆನ್ಸ್ ಕಾರ್ಡಿನಲ್ಲಿ ಬರುವ ಸಾಮಾನ್ಯ ಕ್ಲಿನಿಕ್, ಅಲ್ಲಿನ ಜನರಲ್ ಡಾಕ್ಟರ್, ಒಂದು ಊದುವ ಪರೀಕ್ಷೆ ಮತ್ತು ಸರಿಯಾಗಿ ಎಳೆದುಕೊಳ್ಳುವ ಒಂದು ಇನ್‌ಹೇಲರ್ ಸಾಕಾಗುತ್ತದೆ. ಆದರೆ ತಡ ಮಾಡುವಂತಿಲ್ಲ. ಈ ಕಾಯಿಲೆಯಲ್ಲಿ ಕಳೆದುಕೊಂಡ ಉಸಿರಿನ ಶಕ್ತಿ ಪೂರ್ತಿಯಾಗಿ ವಾಪಸ್ ಬರುವುದಿಲ್ಲ.

ಎದೆಯೊಳಗೆ ಆಗುವುದೇನು?

ಶ್ವಾಸಕೋಶವನ್ನು ತಲೆಕೆಳಗಾದ ಮರ ಎಂದುಕೊಂಡರೆ ಶ್ವಾಸನಾಳಗಳು ಅದರ ಕೊಂಬೆಗಳು. ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಗಾಳಿಯ ಪುಟ್ಟ ಚೀಲಗಳಿವೆ. ವರ್ಷಗಟ್ಟಲೆ ಹೊಗೆ, ಧೂಳು ಒಳಗೆ ಹೋದಾಗ ಎರಡು ಹಾನಿ ಆಗುತ್ತದೆ. ನಾಳಗಳ ಒಳಗೋಡೆ ಊದಿಕೊಂಡು ಕಫ ತುಂಬುತ್ತದೆ. ಗಾಳಿ ಚೀಲಗಳ ಗೋಡೆ ಹರಿದು, ಅವು ಹಳೆಯ ಬಲೂನಿನಂತೆ ಬಿಗಿ ಕಳೆದುಕೊಳ್ಳುತ್ತವೆ. ಆಗ ಉಸಿರು ಒಳಗೆ ಹೋದದ್ದು ಪೂರ್ತಿ ಹೊರಗೆ ಬರುವುದಿಲ್ಲ. ಹಳೇ ಗಾಳಿ ಅಲ್ಲೇ ಉಳಿದರೆ ಹೊಸ ಗಾಳಿಗೆ ಜಾಗ ಎಲ್ಲಿ? ಭಾರ ಎತ್ತಿದಾಗ, ಮೆಟ್ಟಿಲು ಹತ್ತಿದಾಗ ದಮ್ಮು ಕಟ್ಟುವುದು ಇದೇ ಕಾರಣಕ್ಕೆ.

ಇದು ಅಸ್ತಮಾ ಅಲ್ಲ. ಅಸ್ತಮಾ ಹೆಚ್ಚಾಗಿ ಚಿಕ್ಕ ವಯಸ್ಸಿನಿಂದಲೇ ಇರುತ್ತದೆ, ಬಂದು ಹೋಗುತ್ತದೆ, ಮಧ್ಯೆ ಪೂರ್ತಿ ಚೆನ್ನಾಗಿರುವ ದಿನಗಳಿರುತ್ತವೆ. ಸಿಒಪಿಡಿ ಸಾಮಾನ್ಯವಾಗಿ ನಲವತ್ತರ ನಂತರ ಕಾಣಿಸಿಕೊಂಡು ನಿಧಾನಕ್ಕೆ ಏರುತ್ತಲೇ ಹೋಗುತ್ತದೆ. ಕೆಲವರಲ್ಲಿ ಎರಡೂ ಸೇರಿರುವುದುಂಟು. ಇದು ಟಿಬಿಯಂತೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ರೂಮಿನವರು ತಟ್ಟೆ ಲೋಟ ಬೇರೆ ಇಡಬೇಕಾದ ಅಗತ್ಯವೇ ಇಲ್ಲ.

ಸೇದದವರಿಗೂ ಬರುತ್ತದೆ

ಶ್ರೀಮಂತ ದೇಶಗಳಲ್ಲಿ ಸಿಒಪಿಡಿಯ ನೂರಕ್ಕೆ 70ಕ್ಕೂ ಹೆಚ್ಚು ಪ್ರಕರಣಗಳಿಗೆ ತಂಬಾಕಿನ ಹೊಗೆಯೇ ಕಾರಣ. ಭಾರತದಂಥ ದೇಶಗಳಲ್ಲಿ ಈ ಪಾಲು 30ರಿಂದ 40ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಅಡುಗೆಮನೆಯ ಹೊಗೆಯದು. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಗ್ಯಾಸ್ ಬಂದು ವರ್ಷಗಳಾದರೂ ಬಚ್ಚಲ ಹಂಡೆಗೆ ಇಂದಿಗೂ ಸೌದೆಯೇ ಉರಿ. ಬೀಡಿ ಸಿಗರೇಟ್ ಮುಟ್ಟದ ಅಮ್ಮ “ವಯಸ್ಸಾಯ್ತಲ್ಲ ಮಗ, ದಮ್ಮು ಬರ್ತದೆ” ಎಂದು ಫೋನಿನಲ್ಲಿ ಹೇಳಿದರೆ, ಅದು ಬರೀ ವಯಸ್ಸಿನದ್ದೇ ಎಂದು ಬಿಡುವಂತಿಲ್ಲ. ಮೂವತ್ತು ನಲವತ್ತು ವರ್ಷ ಒಲೆ ಊದಿದ ಎದೆ ಅದು.

ಮೂರನೆಯ ಕಾರಣ ಕೆಲಸದ ಜಾಗ. ಸಿಒಪಿಡಿ ಪ್ರಕರಣಗಳಲ್ಲಿ ಸುಮಾರು ನೂರಕ್ಕೆ 14ರಿಂದ 15ರಷ್ಟಕ್ಕೆ ಉದ್ಯೋಗದ ಧೂಳು, ಹೊಗೆ, ರಾಸಾಯನಿಕ ಆವಿಗಳೇ ಹೊಣೆ ಎಂದು ಅಧ್ಯಯನಗಳ ಒಟ್ಟು ಅಂದಾಜು ಹೇಳುತ್ತದೆ. ವೆಲ್ಡಿಂಗ್, ಕಲ್ಲು ಮತ್ತು ಟೈಲ್ಸ್ ಕಟಿಂಗ್, ಸ್ಯಾಂಡ್ ಬ್ಲಾಸ್ಟಿಂಗ್, ಸಿಮೆಂಟ್ ಮಿಕ್ಸಿಂಗ್, ಸ್ಪ್ರೇ ಪೇಂಟಿಂಗ್, ತಂದೂರಿ ಬೇಕರಿ ಇವೆಲ್ಲ ಆ ಪಟ್ಟಿಯಲ್ಲಿವೆ. ತಲೆಗೆ ಸುತ್ತುವ ಬೈರಾಸನ್ನು ಮೂಗಿಗೆ ಕಟ್ಟಿಕೊಂಡರೆ ದೊಡ್ಡ ಮರಳು ಕಣ ತಡೆಯಬಹುದು, ಎದೆಯ ಆಳಕ್ಕೆ ಇಳಿಯುವ ನುಣುಪು ಧೂಳನ್ನು ತಡೆಯುವುದಿಲ್ಲ. ಧೂಳಿಗೆ ಮುಖಕ್ಕೆ ಸರಿಯಾಗಿ ಕೂರುವ ಎನ್-95 ದರ್ಜೆಯ ಮಾಸ್ಕ್, ಪೇಂಟ್ ಆವಿಗೆ ಅದಕ್ಕೆಂದೇ ಇರುವ ಫಿಲ್ಟರ್ ಬೇಕು. ಕಲ್ಲು ಕತ್ತರಿಸುವಾಗ ನೀರು ಹಾಯಿಸಿದರೆ ಅರ್ಧ ಗೆದ್ದಂತೆ. ಸೇಫ್ಟಿ ಆಫೀಸರ್ ಬಳಿ ಇದನ್ನು ಕೇಳುವುದು ಉಪಕಾರ ಬೇಡಿದಂತಲ್ಲ, ಅದು ಕೆಲಸದ ಸಲಕರಣೆಯೇ.

ಶೀಶಾ ಬಗ್ಗೆಯೂ ಒಂದು ಮಾತು. ನೀರಿನಲ್ಲಿ ಹಾದು ಬರುವ ಹೊಗೆ ಸ್ವಚ್ಛ ಎಂಬ ನಂಬಿಕೆ ಗಲ್ಫ್‌ನಲ್ಲಿ ಬಲವಾಗಿದೆ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ವಿಷ ತೆಗೆಯುವುದಿಲ್ಲ. ಒಂದು ಬೈಠಕ್‌ನಲ್ಲಿ ಎಳೆದುಕೊಳ್ಳುವ ಹೊಗೆಯ ಪ್ರಮಾಣ ನೂರು ಸಿಗರೇಟಿನಷ್ಟು ಆಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2005ರಲ್ಲೇ ಎಚ್ಚರಿಸಿದೆ.

“ಮೆಡಿಕಲ್ ಪಾಸ್ ಆಗಿದೆಯಲ್ಲ?”

ಇದು ತುಂಬಾ ಮಂದಿಯನ್ನು ದಾರಿ ತಪ್ಪಿಸುವ ಮಾತು. ವೀಸಾಕ್ಕಾಗಿ ತೆಗೆಯುವ ಎದೆಯ ಎಕ್ಸ್‌ರೇ ಮುಖ್ಯವಾಗಿ ಟಿಬಿ ಹುಡುಕಲು. ಸಿಒಪಿಡಿಯ ಆರಂಭದಲ್ಲಿ ಎಕ್ಸ್‌ರೇ ಪೂರ್ತಿ ನಾರ್ಮಲ್ ಇರಬಹುದು. ಕಾಯಿಲೆಯನ್ನು ಖಚಿತ ಮಾಡುವ ಪರೀಕ್ಷೆ ಬೇರೆ, ಅದರ ಹೆಸರು ಸ್ಪೈರೋಮೆಟ್ರಿ.

ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬಾ ಗಾಳಿ ಎಳೆದು, ಒಂದು ಕೊಳವೆಗೆ ಆದಷ್ಟು ಜೋರಾಗಿ ಊದಿ ಖಾಲಿ ಮಾಡಬೇಕು. ಹೊರಬಂದ ಒಟ್ಟು ಗಾಳಿ ಎಷ್ಟು, ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲೇ ಬಂದದ್ದೆಷ್ಟು ಎಂದು ಯಂತ್ರ ಅಳೆಯುತ್ತದೆ. ಉದಾಹರಣೆಗೆ ಒಟ್ಟು 4 ಲೀಟರ್ ಊದಿದವರು ಮೊದಲ ಸೆಕೆಂಡಿನಲ್ಲಿ 3 ಲೀಟರ್‌ಗಿಂತ ಹೆಚ್ಚು ಊದಿದರೆ ನಾಳ ತೆರೆದಿದೆ ಎಂದರ್ಥ. 2.4 ಲೀಟರ್ ಮಾತ್ರ ಬಂದರೆ ಅದು ನೂರಕ್ಕೆ 60. ನಾಳ ಅಗಲಿಸುವ ಔಷಧಿ ಕೊಟ್ಟು ಮತ್ತೆ ಊದಿಸಿದಾಗಲೂ ಈ ಪ್ರಮಾಣ 70ಕ್ಕಿಂತ ಕೆಳಗೇ ಉಳಿದು, ಜೊತೆಗೆ ಲಕ್ಷಣ ಮತ್ತು ಹೊಗೆ ಧೂಳಿನ ಹಿನ್ನೆಲೆ ಇದ್ದರೆ ಅದು ಸಿಒಪಿಡಿ.

ನಲವತ್ತು ದಾಟಿ, ಬೀಡಿ ಸಿಗರೇಟ್ ಅಥವಾ ಧೂಳಿನ ಕೆಲಸದ ಹಿನ್ನೆಲೆ ಇದ್ದು, ಕೆಮ್ಮು, ಕಫ ಅಥವಾ ದಮ್ಮು ತಿಂಗಳುಗಟ್ಟಲೆ ಇದ್ದವರು ಡಾಕ್ಟರ್ ಬಳಿ ಸ್ಪೈರೋಮೆಟ್ರಿ ಬಗ್ಗೆ ಬಾಯಿಬಿಟ್ಟು ಕೇಳಬೇಕು. ಕ್ಲಿನಿಕ್ಕಿನಲ್ಲಿ ಯಂತ್ರ ಇಲ್ಲದಿದ್ದರೆ ಬೇರೆ ಕಡೆಗೆ ಬರೆದುಕೊಡುತ್ತಾರೆ. ಕಫದಲ್ಲಿ ರಕ್ತ, ರಾತ್ರಿ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಟಿಬಿ ಮತ್ತು ಕ್ಯಾನ್ಸರ್ ಅಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ದಮ್ಮು ಎಷ್ಟಿದೆ ಎಂದು ಹೇಳಲು ಡಾಕ್ಟರುಗಳು ಸೊನ್ನೆಯಿಂದ ನಾಲ್ಕರ ಅಳತೆ ಬಳಸುತ್ತಾರೆ. ಭಾರೀ ಕೆಲಸದಲ್ಲಿ ಮಾತ್ರ ದಮ್ಮು ಬಂದರೆ ಸೊನ್ನೆ. ಬೇಗ ನಡೆದಾಗ ಅಥವಾ ಏರು ಹತ್ತಿದಾಗ ಬಂದರೆ ಒಂದು. ಸಮತಟ್ಟಿನಲ್ಲೂ ಓರಗೆಯವರಿಗಿಂತ ನಿಧಾನ ನಡೆಯಬೇಕಾದರೆ ಎರಡು. ನೂರು ಮೀಟರಿಗೆ ನಿಲ್ಲಬೇಕಾದರೆ ಮೂರು. ಅಂಗಿ ಹಾಕುವಾಗಲೇ ಏದುಸಿರು ಬಂದರೆ ನಾಲ್ಕು. ಕ್ಲಿನಿಕ್ಕಿನಲ್ಲಿ “ಸ್ವಲ್ಪ ದಮ್ಮು” ಎನ್ನುವ ಬದಲು ಹೀಗೆ ಹೇಳಿದರೆ ಭಾಷೆಯ ತೊಡಕಿದ್ದರೂ ವಿಷಯ ಮುಟ್ಟುತ್ತದೆ.

ಮೊದಲ ಔಷಧಿ: ಸೇದುವುದನ್ನು ಬಿಡುವುದು

“ಈಗ ಬಿಟ್ಟು ಏನು ಪ್ರಯೋಜನ, ಹಾಳಾಗಿದ್ದು ಹಾಳಾಯ್ತು” ಎನ್ನುವವರಿಗೆ ಅಂಕಿಗಳೇ ಉತ್ತರ. ಅಮೆರಿಕ ಮತ್ತು ಕೆನಡಾದಲ್ಲಿ, ಶ್ವಾಸನಾಳ ಆಗಲೇ ಕಿರಿದಾಗಲು ಶುರುವಾಗಿದ್ದ 5,887 ಧೂಮಪಾನಿಗಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಹನ್ನೊಂದು ವರ್ಷದ ಲೆಕ್ಕದಲ್ಲಿ, ಸೇದುತ್ತಲೇ ಹೋದ ಗಂಡಸರ ಒಂದು ಸೆಕೆಂಡಿನ ಊದುವ ಶಕ್ತಿ ವರ್ಷಕ್ಕೆ ಸುಮಾರು 66 ಮಿಲಿಲೀಟರ್ ಇಳಿಯಿತು. ಆರಂಭದಲ್ಲೇ ಬಿಟ್ಟು ಮತ್ತೆ ಮುಟ್ಟದವರಲ್ಲಿ ಇಳಿದದ್ದು ಸುಮಾರು 30 ಮಿಲಿಲೀಟರ್, ಅಂದರೆ ವಯಸ್ಸಿನಿಂದ ಸಹಜವಾಗಿ ಇಳಿಯುವಷ್ಟೇ. ಹನ್ನೊಂದು ವರ್ಷಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 400 ಮಿಲಿಲೀಟರ್ ವ್ಯತ್ಯಾಸ. ಉಸಿರು ಕಡಿಮೆ ಇರುವವರಿಗೆ ಅಷ್ಟು ಗಾಳಿ ಅಂದರೆ ಕೆಲಸ ಮಾಡಿಕೊಂಡು ತಿರುಗಾಡುವುದಕ್ಕೂ ಮನೆಯಲ್ಲಿ ಕೂರುವುದಕ್ಕೂ ಇರುವ ಅಂತರ.

ಒಂದೇ ರೂಮಿನಲ್ಲಿ ನಾಲ್ಕು ಜನ ಸೇದುವಾಗ ಒಬ್ಬ ಬಿಡುವುದು ಕಷ್ಟ. ನಿಕೋಟಿನ್ ಗಮ್, ಪ್ಯಾಚ್ ಮತ್ತು ಡಾಕ್ಟರ್ ಬರೆದುಕೊಡುವ ಮಾತ್ರೆಗಳಿಂದ ಬಿಡುವ ಸಾಧ್ಯತೆ ಹೆಚ್ಚುತ್ತದೆ. ರೂಮಿನೊಳಗೆ ಸೇದಬಾರದು ಎಂಬ ಒಪ್ಪಂದವನ್ನಾದರೂ ಮಾಡಿಕೊಂಡರೆ ಎಲ್ಲರಿಗೂ ಲಾಭ.

ಇನ್‌ಹೇಲರ್ ಎಂದರೆ ಹೆದರಿಕೆ ಏಕೆ?

“ಇನ್‌ಹೇಲರ್ ಶುರು ಮಾಡಿದರೆ ಅಭ್ಯಾಸ ಆಗ್ತದೆ, ಮಾತ್ರೆ ಕೊಡಿ ಡಾಕ್ಟ್ರೇ” ಎನ್ನುವವರೇ ಹೆಚ್ಚು. ಲೆಕ್ಕ ಉಲ್ಟಾ ಇದೆ. ಸಾಲ್ಬ್ಯುಟಮಾಲ್ ಇನ್‌ಹೇಲರ್‌ನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ ಔಷಧಿ. ಅದೇ ಔಷಧಿಯ 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ 40 ಪಟ್ಟು. ಮಾತ್ರೆ ಇಡೀ ಮೈಗೆ ಹೋಗಿ ಕೈ ನಡುಕ, ಎದೆಬಡಿತ ತರುತ್ತದೆ. ಇನ್‌ಹೇಲರ್ ಬೇಕಾದ ಜಾಗಕ್ಕೆ ನೇರವಾಗಿ ಹೋಗುತ್ತದೆ.

ಇನ್‌ಹೇಲರ್‌ನಲ್ಲಿ ಎರಡು ಬಗೆ. ಸಾಲ್ಬ್ಯುಟಮಾಲ್‌ನಂಥವು ತಕ್ಷಣ ಆರಾಮ ಕೊಡುತ್ತವೆ, ಕೆಲವು ಗಂಟೆಯಲ್ಲಿ ಪರಿಣಾಮ ಮುಗಿಯುತ್ತದೆ. ಟಿಯೋಟ್ರೋಪಿಯಂ, ಫಾರ್ಮೋಟೆರಾಲ್, ಇಂಡಕಾಟೆರಾಲ್‌ನಂಥವು ಅರ್ಧ ದಿನ ಅಥವಾ ಪೂರ್ತಿ ದಿನ ನಾಳ ತೆರೆದಿಡುತ್ತವೆ. ಪ್ರತಿದಿನ ದಮ್ಮು ಇರುವವರಿಗೆ ಬೇಕಾದ್ದು ಈ ಎರಡನೇ ಬಗೆ, ಅದೂ ಚೆನ್ನಾಗಿದ್ದ ದಿನವೂ ಬಿಡದೆ. ಸ್ಟೀರಾಯ್ಡ್ ಸೇರಿದ ಇನ್‌ಹೇಲರ್ ಎಲ್ಲರಿಗೂ ಬೇಕಿಲ್ಲ. ಪದೇಪದೇ ಉಲ್ಬಣವಾಗುವವರಿಗೆ, ರಕ್ತದಲ್ಲಿ ಇಯೋಸಿನೋಫಿಲ್ ಕಣ ಹೆಚ್ಚಿರುವವರಿಗೆ ಅಥವಾ ಅಸ್ತಮಾ ಜೊತೆಗಿರುವವರಿಗೆ ಅದು ಉಪಯೋಗ. ಉಳಿದವರಲ್ಲಿ ನ್ಯುಮೋನಿಯಾ ಅಪಾಯ ಹೆಚ್ಚಿಸಬಹುದು. ಹಾಗಾಗಿ ಗೆಳೆಯನ ಇನ್‌ಹೇಲರ್ ತನಗೂ ಆದೀತು ಎಂದು ತೆಗೆದುಕೊಳ್ಳಬಾರದು.

ಔಷಧಿ ಸರಿಯಿದ್ದೂ ಕೆಲಸ ಮಾಡದಿರಲು ದೊಡ್ಡ ಕಾರಣ ಎಳೆಯುವ ಕ್ರಮ ತಪ್ಪುವುದು. ಮುಖ್ಯ ಅಂಶಗಳು ಇಷ್ಟು:

- ಒತ್ತುವ ಪಫ್ ಇನ್‌ಹೇಲರ್ ಆದರೆ ಚೆನ್ನಾಗಿ ಅಲುಗಾಡಿಸಿ, ಮೊದಲು ಉಸಿರು ಪೂರ್ತಿ ಹೊರಬಿಟ್ಟು, ಒತ್ತುತ್ತಲೇ ನಿಧಾನಕ್ಕೆ ಆಳವಾಗಿ ಎಳೆದು, ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಒತ್ತುವುದು ಮತ್ತು ಎಳೆಯುವುದು ಹೊಂದದಿದ್ದರೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಬಳಸಬೇಕು.
- ಪುಡಿಯ ಇನ್‌ಹೇಲರ್ ಆದರೆ ಉಲ್ಟಾ: ಜೋರಾಗಿ, ಆಳವಾಗಿ ಎಳೆಯಬೇಕು. ಕ್ಯಾಪ್ಸೂಲ್ ಇರುವುದು ಯಂತ್ರದೊಳಗೆ ಹಾಕಲು, ನುಂಗಲು ಅಲ್ಲ. ಯಂತ್ರದೊಳಕ್ಕೆ ಉಸಿರು ಬಿಟ್ಟರೆ ಪುಡಿ ಒದ್ದೆಯಾಗುತ್ತದೆ.
- ಸ್ಟೀರಾಯ್ಡ್ ಇರುವ ಇನ್‌ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣಾಗಬಹುದು.
- ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಲಾರಿಯ ಕ್ಯಾಬಿನ್‌ನಲ್ಲಿ ಇಡಬಾರದು. ಬಿಸಿಗೆ ಪಫ್ ಡಬ್ಬಿ ಸಿಡಿಯಬಹುದು, ಔಷಧಿಯೂ ಕೆಡುತ್ತದೆ.
- ಅಲುಗಾಡಿಸಿ “ಇನ್ನೂ ಇದೆ” ಎಂದು ತಿಳಿಯುವುದು ತಪ್ಪು. ಔಷಧಿ ಮುಗಿದರೂ ಗ್ಯಾಸ್ ಉಳಿದಿರುತ್ತದೆ. ಪಫ್ ಲೆಕ್ಕ ತೋರಿಸುವ ಅಂಕಿ ನೋಡಬೇಕು.

ಪ್ರತಿ ಸಲ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರ್ ಅಥವಾ ನರ್ಸ್ ಎದುರು ಒಮ್ಮೆ ಎಳೆದು ತೋರಿಸುವುದು ಒಳ್ಳೆಯದು. ಎರಡು ನಿಮಿಷದ ಕೆಲಸ, ಹೊಸ ಔಷಧಿ ಬರೆಸುವುದಕ್ಕಿಂತ ಹೆಚ್ಚು ಲಾಭ.

ಇಂಜೆಕ್ಷನ್, ನೆಬ್ಯುಲೈಸರ್ ಮತ್ತು ‘ಬೇಗ ಗುಣ’ದ ಮಾತ್ರೆ

ಧೂಳಿನ ಬಿರುಗಾಳಿ ಎದ್ದಾಗ, ಶೀತಜ್ವರ ಬಂದಾಗ ದಮ್ಮು ಏಕಾಏಕಿ ಹೆಚ್ಚಿ, ಕಫ ಜಾಸ್ತಿಯಾಗಿ ಬಣ್ಣ ಹಳದಿ ಹಸಿರಿಗೆ ತಿರುಗುವುದುಂಟು. ಇದನ್ನು ಉಲ್ಬಣ ಎನ್ನುತ್ತಾರೆ. ಇಂಥ ಪ್ರತಿ ಹೊಡೆತವೂ ಶ್ವಾಸಕೋಶದ ಒಂದಿಷ್ಟನ್ನು ಕೊಂಡೊಯ್ಯಬಹುದು. ಆಗ ಡಾಕ್ಟರ್ ಕೆಲವು ದಿನ ಸ್ಟೀರಾಯ್ಡ್ ಮಾತ್ರೆ, ಬೇಕಿದ್ದರೆ ಆಂಟಿಬಯೋಟಿಕ್ ಕೊಡುತ್ತಾರೆ. ಹದಿನಾಲ್ಕು ದಿನ ಕೊಡುತ್ತಿದ್ದ ಸ್ಟೀರಾಯ್ಡನ್ನು ಐದೇ ದಿನ ಕೊಟ್ಟರೂ ಸಾಕು ಎಂದು 2013ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನ ತೋರಿಸಿದೆ.

ತೊಂದರೆ ಇರುವುದು ಉಳಿದ ಸ್ಟ್ರಿಪ್ಪಿನಲ್ಲಿ. ಒಮ್ಮೆ ಆರಾಮ ಕಂಡವರು ಅದನ್ನೇ ಊರಿಂದ ತರಿಸಿ, ದಮ್ಮು ಬಂದಾಗೆಲ್ಲ ನುಂಗುತ್ತಾರೆ. ಸ್ಟೀರಾಯ್ಡ್ ಮಾತ್ರೆ ಪದೇಪದೇ ಹೋದರೆ ಸಕ್ಕರೆ ಕಾಯಿಲೆ, ಬಿಪಿ, ಕಣ್ಣಿನ ಪೊರೆ, ಮೂಳೆ ಸವೆತ ಹಿಂದೆಯೇ ಬರುತ್ತದೆ. ವರ್ಷಕ್ಕೆ ಎರಡು ಸಲ ಇಂಥ ಮಾತ್ರೆ ಬೇಕಾಯಿತು ಎಂದರೆ ದಿನನಿತ್ಯದ ಇನ್‌ಹೇಲರ್ ಬದಲಾಗಬೇಕು ಎಂದರ್ಥ. ಹಾಗೆಯೇ ಪ್ರತಿ ವಾರ ಕ್ಲಿನಿಕ್ಕಿಗೆ ಹೋಗಿ ನೆಬ್ಯುಲೈಸರ್ ಹಿಡಿಸಿಕೊಳ್ಳುವವರೂ ಇದ್ದಾರೆ. ಸ್ಪೇಸರ್ ಮೂಲಕ ಸರಿಯಾಗಿ ಎಳೆದ ಪಫ್ ಹೆಚ್ಚಿನವರಿಗೆ ಅಷ್ಟೇ ಪರಿಣಾಮ ಕೊಡುತ್ತದೆ.

ಲಸಿಕೆ ಮತ್ತು ನಡಿಗೆ

ಪ್ರತಿವರ್ಷ ಫ್ಲೂ ಲಸಿಕೆ ಮತ್ತು ಡಾಕ್ಟರ್ ಸಲಹೆಯಂತೆ ನ್ಯುಮೋಕಾಕಲ್ ಲಸಿಕೆ ಪಡೆದರೆ ಉಲ್ಬಣ, ನ್ಯುಮೋನಿಯಾ ಕಡಿಮೆಯಾಗುತ್ತವೆ. ದಮ್ಮು ಬರುತ್ತದೆಂದು ಮಲಗಿಯೇ ಇದ್ದರೆ ಕಾಲಿನ ಸ್ನಾಯು ಸೊರಗಿ ದಮ್ಮು ಇನ್ನೂ ಹೆಚ್ಚುತ್ತದೆ. ದಿನಾ ಸ್ವಲ್ಪ ದಮ್ಮು ಬರುವಷ್ಟು ನಡೆಯುವುದು ಔಷಧಿಯಷ್ಟೇ ಮುಖ್ಯ. ಗಲ್ಫ್‌ನ ಬೇಸಿಗೆಯಲ್ಲಿ ಇದಕ್ಕೆ ಮಾಲ್ ಅಥವಾ ಬೆಳಗಿನ ಜಾವ ಒಳ್ಳೆಯದು. ಏದುಸಿರು ಬಂದಾಗ ಮೂಗಿನಿಂದ ಎಳೆದು, ಬಿಸಿ ಚಹಾ ಆರಿಸುವಂತೆ ತುಟಿ ಚೂಪು ಮಾಡಿ ಎರಡರಷ್ಟು ಹೊತ್ತು ನಿಧಾನಕ್ಕೆ ಬಿಡಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದು ಎದೆ ಹಗುರವಾಗುತ್ತದೆ.

ಎರಡು ದೇಶ, ಒಂದೇ ಫೈಲ್

ಅನಿವಾಸಿ ಕಾರ್ಮಿಕರ ಚಿಕಿತ್ಸೆ ಕೆಡುವುದು ಹೆಚ್ಚಾಗಿ ವಿಮಾನ ನಿಲ್ದಾಣದಲ್ಲಿ. ಇಲ್ಲಿ ಒಬ್ಬ ಡಾಕ್ಟರ್ ಒಂದು ಇನ್‌ಹೇಲರ್ ಬರೆದರೆ, ಊರಿನಲ್ಲಿ ಇನ್ನೊಬ್ಬರು ಬೇರೆ ಕೊಡುತ್ತಾರೆ, ವಾಪಸ್ ಬಂದ ಮೇಲೆ ಅದು ಇಲ್ಲಿ ಸಿಗುವುದಿಲ್ಲ. ಪರಿಹಾರ ಸರಳ. ಸ್ಪೈರೋಮೆಟ್ರಿ ವರದಿ, ಔಷಧಿಯ ಮೂಲ ಹೆಸರು ಮತ್ತು ಪ್ರಮಾಣ, ಉಲ್ಬಣವಾದ ದಿನಾಂಕ, ಲಸಿಕೆ ವಿವರ ಇವಿಷ್ಟನ್ನು ಒಂದು ಫೈಲ್‌ನಲ್ಲಿಟ್ಟು ಫೋನಿನಲ್ಲೂ ಫೋಟೋ ತೆಗೆದಿಡಬೇಕು. ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಮೂಲ ಔಷಧಿಯ ಹೆಸರು ಬದಲಾಗುವುದಿಲ್ಲ. ಊರಲ್ಲಿ ಜನೌಷಧಿ ಕೇಂದ್ರಗಳಲ್ಲಿ ಕೆಲವು ಇನ್‌ಹೇಲರ್ ಕಡಿಮೆ ಬೆಲೆಗೆ ಸಿಗುತ್ತವೆ.

ಯುಎಇಯಲ್ಲಿ 2025ರ ಜನವರಿ 1ರಿಂದ ಎಲ್ಲ ಎಮಿರೇಟ್‌ಗಳಲ್ಲೂ ಖಾಸಗಿ ಕಂಪನಿ ನೌಕರರಿಗೆ ಮಾಲೀಕರೇ ಆರೋಗ್ಯ ವಿಮೆ ಮಾಡಿಸುವುದು ಕಡ್ಡಾಯ. ಸೌದಿಯಲ್ಲೂ ಖಾಸಗಿ ವಲಯದ ನೌಕರರ ವಿಮೆ ಮಾಲೀಕರ ಹೊಣೆ. ಕಾರ್ಡಿನಲ್ಲಿ ಯಾವ ಕ್ಲಿನಿಕ್ ಬರುತ್ತದೆ, ದೀರ್ಘಕಾಲದ ಕಾಯಿಲೆಯ ಔಷಧಿಗೆ ಎಷ್ಟು ಪಾಲು ಕೈಯಿಂದ ಕಟ್ಟಬೇಕು ಎಂದು ಎಚ್‌ಆರ್ ಬಳಿ ಮೊದಲೇ ಕೇಳಿಟ್ಟುಕೊಂಡರೆ ಕೌಂಟರ್‌ನಲ್ಲಿ ಗಾಬರಿಯಾಗಬೇಕಿಲ್ಲ.

ಪ್ರಯಾಣದಲ್ಲಿ ಇನ್‌ಹೇಲರ್ ಇರಬೇಕಾದ್ದು ಕೈಚೀಲದಲ್ಲಿ, ಲಗೇಜಿನಲ್ಲಿ ಅಲ್ಲ. ಜೊತೆಗೆ ಡಾಕ್ಟರ್ ಚೀಟಿ ಇರಲಿ. ವಿಮಾನದೊಳಗಿನ ಗಾಳಿ ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕಿಂತ ಸ್ವಲ್ಪ ಮೇಲೋ ಇದ್ದಷ್ಟು ತೆಳುವಾಗಿರುತ್ತದೆ. ಕಾಯಿಲೆ ತೀವ್ರವಾಗಿರುವವರು ಟಿಕೆಟ್ ಮಾಡುವ ಮೊದಲೇ ಡಾಕ್ಟರ್ ಬಳಿ ಕೇಳಬೇಕು. ಇನ್ನೊಂದು ಮುಖ್ಯ ಎಚ್ಚರಿಕೆ: ಕೊಡೀನ್ ಇರುವ ಕೆಮ್ಮಿನ ಸಿರಪ್‌ಗಳು ಗಲ್ಫ್ ದೇಶಗಳಲ್ಲಿ ನಿಯಂತ್ರಿತ ಔಷಧಿ. “ಊರಿನ ಸಿರಪ್ ಒಂದು ಬಾಟಲಿ ತಗೊಂಡು ಬಾ” ಎಂದು ಗೆಳೆಯನಿಗೆ ಹೇಳುವುದು ಅವನನ್ನು ಕಸ್ಟಮ್ಸ್ ಕೈಗೆ ಕೊಟ್ಟಂತಾದೀತು.

ರಮಝಾನ್ ತಿಂಗಳಲ್ಲಿ ಎಷ್ಟೋ ಮಂದಿ ಹಗಲಿನ ಇನ್‌ಹೇಲರ್ ನಿಲ್ಲಿಸಿಬಿಡುತ್ತಾರೆ. ಇನ್‌ಹೇಲರ್‌ನಿಂದ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ದಿನಕ್ಕೆ ಒಂದು ಅಥವಾ ಎರಡು ಸಲದ ಔಷಧಿಯನ್ನು ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಹೊಂದಿಸಲು ಸಾಧ್ಯ. ತಿಂಗಳು ಶುರುವಾಗುವ ಮೊದಲೇ ಡಾಕ್ಟರ್ ಜೊತೆ ಮಾತಾಡಬೇಕು. ಉಸಿರೇ ಕಟ್ಟಿದಾಗ ತಕ್ಷಣದ ಪಫ್ ತೆಗೆದುಕೊಳ್ಳಲು ಕಾಯಬಾರದು.

ಯಾವಾಗ ಆಂಬ್ಯುಲೆನ್ಸ್?

ಒಂದು ವಾಕ್ಯ ಪೂರ್ತಿ ಮಾತಾಡಲಾಗದಷ್ಟು ದಮ್ಮು, ತುಟಿ ಉಗುರು ನೀಲಿ, ಗೊಂದಲ ಅಥವಾ ಅತಿಯಾದ ಮಂಪರು, ಎದೆನೋವು, ಪಫ್ ತೆಗೆದುಕೊಂಡರೂ ಇಳಿಯದ ಏದುಸಿರು ಇದ್ದರೆ ಬೆಳಗಾಗಲಿ ಎಂದು ಕಾಯಬಾರದು. ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರ್ ಮತ್ತು ಬಹ್ರೈನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999, ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಬೇಕು. ಬಂದವರಿಗೆ “ಸಿಒಪಿಡಿ ಇದೆ” ಎಂದು ಮೊದಲೇ ಹೇಳುವುದು ಮುಖ್ಯ. ಈ ರೋಗಿಗಳಿಗೆ ಆಮ್ಲಜನಕವನ್ನು ಸಾಮಾನ್ಯವಾಗಿ 88ರಿಂದ 92ರ ಮಟ್ಟಕ್ಕೆ ಅಳತೆ ಮಾಡಿಯೇ ಕೊಡುತ್ತಾರೆ, ಅತಿಯಾದರೂ ಅಪಾಯ. ಮನೆಯಲ್ಲಿ ಸಿಲಿಂಡರ್ ತರಿಸಿ ಅಂದಾಜಿನಲ್ಲಿ ಹಚ್ಚುವುದು ಬೇಡ.

ಮುಂದಿನ ಭೇಟಿಯಲ್ಲಿ ಕೇಳಬೇಕಾದ ಐದು ಪ್ರಶ್ನೆ

1. ನನಗೆ ಸ್ಪೈರೋಮೆಟ್ರಿ ಆಗಿದೆಯೇ? ಇಲ್ಲದಿದ್ದರೆ ಯಾವಾಗ?
2. ನಾನು ಇನ್‌ಹೇಲರ್ ಎಳೆಯುವುದು ಸರಿಯಿದೆಯೇ, ನೋಡುತ್ತೀರಾ?
3. ಸಿಗರೇಟ್ ಬಿಡಲು ಏನು ಸಹಾಯ ಸಿಗುತ್ತದೆ?
4. ಯಾವ ಲಸಿಕೆ ಬಾಕಿ ಇದೆ?
5. ದಮ್ಮು ಹೆಚ್ಚಾದ ದಿನ ಏನು ಮಾಡಬೇಕು, ಬರೆದುಕೊಡುತ್ತೀರಾ?

ಇದೇ ಐದು ಪ್ರಶ್ನೆಯನ್ನು ವಾಟ್ಸಾಪ್‌ನಲ್ಲಿ ಊರಿಗೂ ಕಳಿಸಬಹುದು. ಒಲೆಯ ಹೊಗೆಯಲ್ಲಿ ಬಾಳು ಸವೆಸಿದ ಅಮ್ಮನಿಗೆ ಮೂರನೆಯದರ ಬದಲು ಬೇರೊಂದು ಪ್ರಶ್ನೆ: ಬಚ್ಚಲ ಒಲೆಗೆ ಚಿಮಣಿ ಹಾಕಿಸುವುದೋ, ಗೀಸರ್ ತರುವುದೋ? ಈ ಸಲದ ಸಂಬಳದಲ್ಲಿ ಅದಕ್ಕೊಂದು ಪಾಲು ತೆಗೆದಿಟ್ಟರೆ, ಅದೂ ಚಿಕಿತ್ಸೆಯೇ.